ನಲವತ್ತೆರಡನೇ ಸಾಲು

ಬ್ಯಾಡಗಿ, ಚಳಿಮನೆಯ ಹೊರಜಗಲಿ
೨೧೬೩ನೇ ಇಸವಿ, ಫೆಬ್ರುವರಿ ಮೂವತ್ತು

ಶ್ರೀ ಮೈಲಾರೆಪ್ಪ ಕದರಮಂಡಲಗಿಯವರಿಗೆ ಗದಿಗೆವ್ವ ಮಾಡುವ ಶರಣು.

ತಾರೀಖು ನೋಡಿ, ಇದ್ಯಾವುದೋ ಅರೆಮರುಳಿನ ಕೆಲಸವೆಂದು ಪತ್ರವನ್ನು ಮಡಚಿ ಇಟ್ಟುಬಿಡಬೇಡಿ. ಫೆಬ್ರುವರಿಗೆ ಮೂವತ್ತು ದಿನ ನಿಮ್ಮಲ್ಲಿ ಇಲ್ಲವೆಂಬುದು ನನಗೆ ಗೊತ್ತು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ಮೇ ತಿಂಗಳ ಕೊನೆಗೆ ಒಟ್ಟಿಗೆ ಹಾಕಿ, ಅವಕ್ಕೆ ತಾರೀಖನ್ನೇ ಕೊಡದೆ, ಒದ್ದೆ ಬಟ್ಟೆ ಹೊದ್ದು ಮನೆಯೊಳಗೆ ಮಲಗಿರುತ್ತೇವೆ. ಆ ಬಿಸಿಲಿಗೆ ಹೆಸರಿಟ್ಟು ಪ್ರಯೋಜನವಿಲ್ಲ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಶಬ್ದಗಳು ಬಂದಾವು, ನಿಮ್ಮ ಕಾಲದ ಶಬ್ದಗಳನ್ನು ನಾನು ತಪ್ಪಾಗಿ ಬಳಸಿಯೇನು. ಎರಡಕ್ಕೂ ಕ್ಷಮೆಯಿರಲಿ. ನಿಮ್ಮ ಕೈಬರಹ ಓದಿ ಓದಿಯೇ ನಾನು ನಿಮ್ಮ ಕಾಲದ ಕನ್ನಡ ಕಲಿತವಳು, ಮತ್ತು ಆ ಬರಹದಲ್ಲಿ ಮೆಣಸಿನಕಾಯಿಯ ಮಾತೇ ಹೆಚ್ಚು.

ನಿಮಗೀಗ ನಲವತ್ತೈದು ವರ್ಷ. ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಮೇಸ್ತ್ರಿ. ಹಮಾಲರು ನಿಮ್ಮ ಮಾತು ಮೀರುವುದಿಲ್ಲ, ಮಾಲೀಕರೂ ನಿಮ್ಮನ್ನು ಕೇಳದೆ ಬಾಗಿಲು ತೆರೆಸುವುದಿಲ್ಲ. ನನಗೆ ಐವತ್ತಾರು. ಆದರೂ ನಾನು ನಿಮ್ಮನ್ನು ಅಜ್ಜಾ ಎಂದೇ ಕರೆಯಬೇಕು, ಏಕೆಂದರೆ ಊರಿಗೆ ಊರೇ ನಿಮ್ಮನ್ನು ಚಳಿಯಜ್ಜ ಎನ್ನುತ್ತದೆ. ನಗಬೇಡಿ. ಮೀಸೆ ಇತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಆದರೆ ಗೋಡೆಯ ಮೇಲೆ ಬರೆದ ನಿಮ್ಮ ಚಿತ್ರಕ್ಕೆ ದೊಡ್ಡ ಮೀಸೆ ಇದೆ. ನಾನು ನಿಮ್ಮ ನಂತರದ ಎಂಟನೆಯ ಚಳಿಗಾವಲು. ಚಳಿಗಾವಲು ಎಂದರೆ ಊರಿನ ಬಣ್ಣದ ಫೋಟೋಗಳಿರುವ ಕೋಣೆಯನ್ನು ಕಾಯುವ ಕೆಲಸ. ಕೋಲ್ಡ್ ಸ್ಟೋರೇಜು ಎಂಬ ಮಾತು ಬಾಯಿಯಿಂದ ಬಾಯಿಗೆ ಸವೆದು ಈಗ ಬರೀ ಚಳಿಮನೆ ಆಗಿದೆ.

ನಮ್ಮ ದಿನಚರಿ ಸ್ವಲ್ಪ ಹೇಳುತ್ತೇನೆ. ನಾವು ಕೋಳಿ ಕೂಗುವ ಮೊದಲೇ ಎದ್ದು ಹೊಲ, ಮಗ್ಗ, ಸಂತೆ ಎಲ್ಲವನ್ನೂ ಹತ್ತು ಗಂಟೆಯೊಳಗೆ ಮುಗಿಸುತ್ತೇವೆ. ಹತ್ತರಿಂದ ಐದರವರೆಗೆ ಬಿಸಿಮಲಗು. ಆ ಹೊತ್ತಿನಲ್ಲಿ ಬೀದಿಗೆ ಬಂದವರನ್ನು ಕಂಡು ನಾಯಿಗಳೂ ಬೊಗಳುವುದಿಲ್ಲ, ಅವೂ ಗಟಾರದಲ್ಲಿ ಮಲಗಿರುತ್ತವೆ. ಕರೆಂಟು ನಿಮ್ಮಲ್ಲಿದ್ದಂತೆ ಗುಂಡಿ ಒತ್ತಿದರೆ ಬರುವಂಥದಲ್ಲ. ಹಂಚುಕರೆಂಟು ಎನ್ನುತ್ತೇವೆ, ಊರಿನ ಪಾಲು ಇಷ್ಟು, ಆಸ್ಪತ್ರೆಗೆ ಇಷ್ಟು, ನೀರೆತ್ತಲು ಇಷ್ಟು, ಮನೆಗೆ ಎರಡು ತಾಸು. ಮೆಣಸಿನಕಾಯಿ ನಮ್ಮ ಹೊಲಗಳಲ್ಲಿ ಬೆಳೆದು ಅರವತ್ತು ವರ್ಷವಾಯಿತು, ಹೂವೇ ನಿಲ್ಲುವುದಿಲ್ಲ, ಉದುರಿಹೋಗುತ್ತದೆ. ಆದರೆ ಚಳಿಮನೆಯ ಗೋಡೆಗಳಿಗೆ ಅದರ ಘಾಟು ಹಾಗೇ ಉಳಿದಿದೆ. ಒಳಗೆ ಕಾಲಿಟ್ಟವರಿಗೆ ಇವತ್ತಿಗೂ ಎರಡು ಸೀನು ಬರುತ್ತವೆ. ಮೊದಲನೆಯದು ನಿಮಗೆ, ಎರಡನೆಯದು ಊರಿಗೆ ಎಂದು ಹೇಳಿಕೊಳ್ಳುತ್ತೇವೆ.

ನಿಮ್ಮ ಕಾಲದವರು ಅಂಗೈಯಗಲದ ಗಾಜಿನಲ್ಲಿ ತೆಗೆದಿಟ್ಟುಕೊಂಡ ಚಿತ್ರಗಳಲ್ಲಿ ಒಂದೂ ನಮಗೆ ಮುಟ್ಟಿಲ್ಲ. ಕಾಗದದ ಮೇಲಿದ್ದವು ಮಾತ್ರ ಬಂದವು. ಅವುಗಳಲ್ಲೂ ಮನೆಗಳ ಟ್ರಂಕಿನಲ್ಲಿ, ಗೋಡೆಯ ಚೌಕಟ್ಟಿನಲ್ಲಿ ಉಳಿದವು ಸೆಕೆಗೆ ಬಣ್ಣ ಕಳೆದುಕೊಂಡು ಒಂದೇ ಸಮ ಕೆಂಪಗಾಗಿವೆ. ಕೆಂಪುಚಿತ್ರ ಎಂದೇ ಅವುಗಳ ಹೆಸರು. ಆಕಾಶ ಕೆಂಪು, ಎತ್ತು ಕೆಂಪು, ಮದುಮಗನ ಹಲ್ಲೂ ಕೆಂಪು. ಬ್ಯಾಡಗಿಯ ಹಿಂದಿನ ಜನ ಖಾರ ತಿಂದು ತಿಂದು ಹಾಗಾಗಿದ್ದರು ಎಂದು ನಮ್ಮ ಮಕ್ಕಳು ನಂಬಿಬಿಟ್ಟಿವೆ. ಅಲ್ಲವೆಂದು ಹೇಳಲು ನಮ್ಮಲ್ಲಿದ್ದ ಒಂದೇ ಸಾಕ್ಷಿ, ನೀವು ಚಳಿಯಲ್ಲಿಟ್ಟ ಆರುನೂರ ಹನ್ನೊಂದು ಗಂಟುಗಳು.

ಅದು ಹೇಗಾಯಿತೆಂದು ನಿಮಗೇ ಹೇಳುವುದು ಅಧಿಕಪ್ರಸಂಗವಾದೀತು, ಆದರೂ ನಾವು ಕೇಳಿದ್ದು ಸರಿಯೇ ಎಂದು ನೀವು ನೋಡಿಕೊಳ್ಳಿ. ನಿಮ್ಮ ಮದುವೆಯ ಫೋಟೋ ಗೋಡೆಯ ಮೇಲೆ ಕೆಂಪಾಗುತ್ತ ಬಂದಿತ್ತು. ಅದೇ ವಾರ ನೀವು ಮೂರು ವರ್ಷದ ಹಿಂದಿನ ಮೆಣಸಿನಕಾಯಿ ಚೀಲವನ್ನು ಚಳಿಯಿಂದ ಹೊರತೆಗೆಸಿ ಬಿಚ್ಚಿದಾಗ ಕಾಯಿ ನಿನ್ನೆ ಕೊಯ್ದ ಹಾಗಿತ್ತು. ಆಗ ನೀವು ಹಮಾಲರ ಎದುರು ಆಡಿದ ಮಾತು ನಮ್ಮಲ್ಲಿ ಗಾದೆಯೇ ಆಗಿಹೋಗಿದೆ:

“ಮೆಣಸಿನಕಾಯಿ ಬಣ್ಣ ಉಳಿಸೂ ಚಳಿ ಮನಷ್ಯಾರ ಬಣ್ಣ ಉಳಿಸಂಗಿಲ್ಲೇನು?”

ಎಂಥ ಮಾತು ಅಜ್ಜಾ! ನಾನು ಸಣ್ಣವಳಿದ್ದಾಗ ಅದನ್ನು ಕೇಳಿದರೆ ಮೈ ಜುಂ ಎನ್ನುತ್ತಿತ್ತು. ಓದಿದವರು ಯಾರಿಗೂ ಹೊಳೆಯದ್ದು ನಿಮಗೆ ಹೊಳೆಯಿತು. ಮಾಲೀಕರನ್ನು ಒಪ್ಪಿಸಿ ಒಂದು ಮೂಲೆ ಪಡೆದಿರಿ. ಏಪ್ರಿಲ್ ತಿಂಗಳ ಎರಡನೇ ಸೋಮವಾರ ಊರವರಿಗೆ ಫೋಟೋ ತನ್ನಿರೆಂದು ಡಂಗುರ ಹೊಡೆಸಿದಿರಿ. ಆಲ್ಬಮ್ಮಿನ ರಟ್ಟು ಜಾಗ ತಿನ್ನುತ್ತದೆಂದು ಫೋಟೋಗಳನ್ನು ಬಿಡಿಸಿ, ಒಂದರ ಮೇಲೊಂದು ಜೋಡಿಸಿ, ನೀರು ತಾಗದ ನೀಲಿ ಪ್ಲಾಸ್ಟಿಕ್ ತಾಡಪತ್ರಿಯಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಗೋಣಿ ಹೊಲಿಸಿದಿರಿ. ಪ್ರತಿ ಗಂಟಿಗೂ ಒಂದು ಪಟ್ಟಿ ಬರೆದಿರಿ. ಕೊನೆಯ ಹಾಳೆಯಲ್ಲಿ ಕಟ್ಟಳೆ ಬರೆದಿರಿ: ಹೊರಗೆ ತೆಗೆದರೆ ಗಂಟು ಬೆವರುತ್ತದೆ, ಬೆವರಿದರೆ ಬಣ್ಣ ಹೋಗುತ್ತದೆ, ಆದ್ದರಿಂದ ತಿಳಿದವರು ಬಂದು ಹೇಳುವವರೆಗೆ ಯಾರೂ ಬಿಚ್ಚಬಾರದು.

ಬಿಚ್ಚಲಿಲ್ಲ. ನೂರಾ ಮೂವತ್ತು ವರ್ಷ ಒಂದು ಗಂಟನ್ನೂ ಬಿಚ್ಚಲಿಲ್ಲ. ನಿಮ್ಮ ಮಾತಿಗೆ ಅಷ್ಟು ಬೆಲೆ. ಬಿಚ್ಚುವ ಬದಲು ವರ್ಷಕ್ಕೊಮ್ಮೆ, ಅದೇ ಸೋಮವಾರ, ಓದುವ ದಿನ ಮಾಡುತ್ತ ಬಂದೆವು. ಮನೆಮನೆಯವರು ಕಂಬಳಿ ಹೊದ್ದು ಬಂದು ತಂತಮ್ಮ ಗಂಟಿನ ಮೇಲೆ ಅಂಗೈ ಇಡುತ್ತಾರೆ. ಚಳಿಗಾವಲು ಪಟ್ಟಿ ಓದುತ್ತಾಳೆ: ಒಂದು, ಹಂದರದ ಕಂಬ. ಎರಡು, ಅರಿಷಿಣ ಹಚ್ಚುವುದು. ಮೂರು, ಅಳುತ್ತಿರುವ ಕೂಸು. ಕಣ್ಣು ಮುಚ್ಚಿ ಕೇಳುತ್ತಾರೆ. ತಿಳಿದವರು ಬಂದರೆ ಕೂರಲೆಂದು ಒಂದು ಕುರ್ಚಿ ಹಾಕಿರುತ್ತೇವೆ. ನನ್ನ ಕಾಲದಲ್ಲಿ ಒಮ್ಮೆ ಪರಊರಿನವನೊಬ್ಬ ಅದೇ ದಿನ ಬಂದ. ನಾವು ಹಾರ ಹಾಕಿ ಕುರ್ಚಿಯಲ್ಲಿ ಕೂರಿಸಿದೆವು. ಅವನು ನೀರೆತ್ತುವ ಪಂಪು ರಿಪೇರಿಗೆ ಬಂದವನು. ಪಾಪ, ಹಾರ ತೆಗೆಯಲೂ ನಾಚಿಕೊಂಡು ಹಾಗೇ ಕೂತಿದ್ದ.

ಇನ್ನೊಂದು ಪದ್ಧತಿಯನ್ನು ಹೇಳಲೇಬೇಕು. ಓದುವ ಮೊದಲು ಚಳಿಗಾವಲು ತಂಬಿಗೆಯಲ್ಲಿ ನೀರು ಹಿಡಿದು ಎಲ್ಲ ಗಂಟುಗಳ ಕಡೆಗೂ, ಎಲ್ಲ ಜನರ ಮೇಲೂ ಬೆರಳಿನಿಂದ ಚಿಮುಕಿಸುತ್ತಾಳೆ. ಅದು ನಿಮ್ಮ ಬರಹದಿಂದಲೇ ಬಂದದ್ದು. ಪಟ್ಟಿಯ ಮೊದಲ ಹಾಳೆಯ ತಲೆಗೆ ನೀವು ಬರೆದ ಸಾಲು ನನಗೆ ಬಾಯಿಪಾಠ: “ಒಣಗಿದ್ದು ಮುರಿಯಬಾರದೆಂದು ಕಟ್ಟುವ ಮೊದಲು ಹದವಾಗಿ ನೀರು ಚಿಮುಕಿಸಲಾಗಿದೆ.” ಇಪ್ಪತ್ತೇಳು ವರ್ಷ ನಾನು ಆ ಸಾಲನ್ನು ಮಂತ್ರದ ಹಾಗೆ ಓದಿದ್ದೇನೆ, ನೀರು ಚಿಮುಕಿಸಿದ್ದೇನೆ. ಒಂದು ಸಲವೂ ಅದರ ಅರ್ಥ ನನಗೆ ತಟ್ಟಲಿಲ್ಲ.

ಈಗ ನನ್ನ ಅವ್ವನ ವಿಷಯಕ್ಕೆ ಬರುತ್ತೇನೆ. ಹೆಸರು ಶಿವಗಂಗವ್ವ, ಎಪ್ಪತ್ತೊಂಬತ್ತು ವರ್ಷ, ಕೈಮಗ್ಗದವಳು. ನೂಲಿಗೆ ಬಣ್ಣ ಹಾಕುವುದರಲ್ಲಿ ಈ ಸೀಮೆಗೆ ಅವಳನ್ನು ಬಿಟ್ಟರಿಲ್ಲ, ಹಾಗೆಂದು ಅವಳೇ ಹೇಳಿಕೊಳ್ಳುತ್ತಾಳೆ. ನಮ್ಮ ಮನೆಯ ಗಂಟು ಮುನ್ನೂರ ಹದಿನಾಲ್ಕು. ಅವ್ವನ ಮುತ್ತಜ್ಜಿಯ ತಾಯಿ ಹಾಲವ್ವ ತಂದುಕೊಟ್ಟದ್ದು, ಅವಳ ಮದುವೆಯ ಅರವತ್ತನಾಲ್ಕು ಫೋಟೋ. ಅವುಗಳಲ್ಲಿ ನಲವತ್ತೆರಡನೆಯದರ ಎದುರು ನೀವು ಬರೆದದ್ದು “ಧಾರೆ” ಎಂಬ ಒಂದೇ ಶಬ್ದ. ಅದರ ಮುಂದೆ ಸಾಲಿನ ತುದಿಯವರೆಗೆ ಜಾಗ ಖಾಲಿ. ಆ ಧಾರೆಯ ಸೀರೆಯ ಬಣ್ಣ ಯಾವುದೆಂದು ನಮ್ಮ ಮನೆಯಲ್ಲಿ ನಾಲ್ಕು ತಲೆಮಾರು ಜಗಳವಾಡಿದೆ. ಅವ್ವ ಹಸಿರು ಎಂದರೆ ದೊಡ್ಡವ್ವ ಹಳದಿ ಎನ್ನುತ್ತಿದ್ದಳು. ದೊಡ್ಡವ್ವ ಸಾಯುವ ಹಿಂದಿನ ದಿನವೂ ಹಳದಿ ಎಂದೇ ಹೇಳಿದಳು, ಹಟಮಾರಿ. ನನ್ನ ಮಗಳು ಸಂಗವ್ವನ ಲಗ್ನ ಮುಂದಿನ ತಿಂಗಳಿದೆ. ಅವಳಿಗೆ ಹಾಲವ್ವನ ಸೀರೆಯಂಥದ್ದೇ ಸೀರೆಯನ್ನು ತನ್ನ ಕೈಯಾರೆ ನೇಯಬೇಕೆಂಬುದು ಅವ್ವನ ಕೊನೆಯ ಆಸೆ. ಕಣ್ಣಿಗೆ ಪೊರೆ ಬಂದಿದೆ. ನಮ್ಮಲ್ಲಿ ಅದನ್ನು ತೆಗೆಯುವವರಿಲ್ಲ. ಮುಖ ಗುರುತು ಸಿಗುವುದಿಲ್ಲ, ಬಣ್ಣ ಮಾತ್ರ ಹತ್ತಿರ ಹಿಡಿದರೆ ಇನ್ನೂ ತಿಳಿಯುತ್ತದೆ. ಅದೂ ಮಳೆಗಾಲದವರೆಗೆ ಮಾತ್ರ ಎಂದು ನಮ್ಮ ವೈದ್ಯ ಹೇಳಿದ.

ಹೀಗಿರುವಾಗ ಕಳೆದ ತಿಂಗಳು ಕರೆಂಟು ಪಂಚಾಯ್ತಿಯ ತೀರ್ಮಾನ ಬಂತು. ಅಣೆಕಟ್ಟಿನಲ್ಲಿ ನೀರು ಕೆಳಗೆ ಹೋಗಿದೆ, ಇನ್ನು ಮೇಲೆ ಚಳಿ ಕೊಡುವುದು ಬೀಜಕ್ಕೆ ಮತ್ತು ಔಷಧಿಗೆ ಮಾತ್ರ, ಫೋಟೋ ಕೋಣೆಗೆ ಇಲ್ಲ. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆಂದೇ ಹೋದವಳು. ಅಲ್ಲಿ ನನ್ನ ಪಕ್ಕದಲ್ಲಿ ಹಾವು ಕಡಿದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಒಬ್ಬಳು ಕೂತಿದ್ದಳು. ಚಳಿಯಲ್ಲಿಟ್ಟ ಔಷಧಿಗಾಗಿ ಬಂದವಳು. ಆ ಕೂಸಿನ ಮುಂದೆ ನಿಂತು ಫೋಟೋ ದೊಡ್ಡದು ಎನ್ನಲು ನನಗೆ ನಾಲಿಗೆ ಬರಲಿಲ್ಲ. ಕೂಸು ಉಳಿಯಿತು. ನಾನು ಸೊಂಟದ ಸೆರಗು ಬಿಚ್ಚಿಕೊಂಡು ಮನೆಗೆ ಬಂದೆ.

ಈ ತಿಂಗಳ ಇಪ್ಪತ್ತೊಂದಕ್ಕೆ ಫೋಟೋ ಕೋಣೆಯ ಯಂತ್ರ ನಿಂತಿತು. ಆ ಗುಂಯ್‌ಗುಡುವ ಸದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿದವಳು. ನಿಂತಾಗ ಕಿವಿಯೇ ಹೋಯಿತೆನ್ನಿಸಿತು. ಚಳಿ ಹೋದ ಮೇಲೆ ಗಂಟುಗಳನ್ನು ಕಾಯುವ ಅರ್ಥವಿಲ್ಲವಾದ್ದರಿಂದ ಹಿರಿಯರೆಲ್ಲ ಸೇರಿ, ಅವರವರ ಗಂಟನ್ನು ಅವರವರ ಮನೆಗೆ ಕೊಡಬೇಕೆಂದು ನಿಶ್ಚಯಿಸಿದರು. ತಿಳಿದವರು ಬರಲಿಲ್ಲ, ನಾವೇ ನೋಡೋಣ. ಬಣ್ಣ ಹೋಗುವುದಿದ್ದರೂ ನೋಡಿದ ಮೇಲೆ ಹೋಗಲಿ ಎಂದರು. ನಿಜ ಹೇಳುತ್ತೇನೆ, ಊರಿನಲ್ಲಿ ದುಃಖಕ್ಕಿಂತ ಸಡಗರವೇ ಹೆಚ್ಚಿತ್ತು. ಹೋಳಿಗೆ ಮಾಡಿದವರೂ ಇದ್ದರು. ಬೆವರು ಆರಲೆಂದು ಒಂದು ಹಗಲು, ಒಂದು ರಾತ್ರಿ ಗಂಟುಗಳನ್ನು ಬಿಚ್ಚದೆ ಇಡಬೇಕೆಂದು ನಾನು ಮನೆಮನೆಗೆ ಹೋಗಿ ಹೇಳಿಬಂದೆ. ಎಲ್ಲರೂ ಕಾದರು. ಕಾಯುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಮೊದಲು ಬಿಚ್ಚಿದ್ದು ನೆರೆಮನೆಯ ಖಾಜಾಬಿಯ ಗಂಟು. ಗೋಣಿ ತೆಗೆದೆವು. ತಾಡಪತ್ರಿ ಅಂಟಿಕೊಂಡಿತ್ತು, ಕತ್ತರಿಸಿ ತೆಗೆದೆವು. ಒಳಗಿದ್ದದ್ದು ಫೋಟೋಗಳ ಕಟ್ಟಲ್ಲ, ಒಂದೇ ಗಟ್ಟಿ. ಒಂದರ ಬೆನ್ನಿಗೆ ಇನ್ನೊಂದರ ಮುಖ ಕಚ್ಚಿ, ನೂರಾ ಮೂವತ್ತು ವರ್ಷದಲ್ಲಿ ಬೆಲ್ಲದ ಅಚ್ಚಿನಂತೆ ಕೂಡಿಹೋಗಿತ್ತು. ಖಾಜಾಬಿ ಅದನ್ನು ಎರಡೂ ಕೈಯಲ್ಲಿ ತೂಗಿ ನೋಡಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ.

“ಇಷ್ಟ ವರ್ಷ ನಾವು ಇಟ್ಟಂಗಿ ಕಾಯ್ದಂಗಾತಲ್ಲ ಅಕ್ಕಾ” ಎಂದಳು.

ಒಣಗಿದ ಫೋಟೋ ಮುರಿಯಬಾರದೆಂದು ಹದವಾಗಿ ನೀರು ಚಿಮುಕಿಸಲಾಗಿದೆ. ಆಗ ತಟ್ಟಿತು ನನಗೆ ಅರ್ಥ, ಅಜ್ಜಾ. ಮೆಣಸಿನಕಾಯಿಯನ್ನು ಚೀಲಕ್ಕೆ ತುಳಿದು ತುಂಬುವ ಮುಂಚೆ ನೀರು ಚಿಮುಕಿಸಿ ಮೆತ್ತಗೆ ಮಾಡುತ್ತೀರಿ, ಇಲ್ಲದಿದ್ದರೆ ಕಾಯಿ ಪುಡಿಯಾಗುತ್ತದೆ. ಏಪ್ರಿಲ್ ಬಿಸಿಲಿಗೆ ಫೋಟೋಗಳ ಅಂಚು ಸುರುಳಿ ಸುತ್ತಿ ಚಟಚಟ ಎನ್ನುತ್ತಿದ್ದದ್ದನ್ನು ನೀವು ನೋಡಿರಬೇಕು. ಮುರಿದಾವೆಂದು ಕರುಳು ಚುರ್ ಎಂದಿರಬೇಕು. ಕೈ ತಾನೇ ತಾನಾಗಿ ಬಕೆಟ್ಟಿಗೆ ಹೋಗಿರಬೇಕು. ಆ ಹಸಿಯೇ ತಾಡಪತ್ರಿಯೊಳಗೆ ಅಂಟಾಯಿತು. ಮೈಗಳ್ಳನಾದರೆ ಚಿಮುಕಿಸದೇ ಕಟ್ಟುತ್ತಿದ್ದ, ನಮ್ಮ ಬಣ್ಣ ಉಳಿಯುತ್ತಿತ್ತು. ನೀವು ಅಚ್ಚುಕಟ್ಟಿನ ಮನುಷ್ಯ. ಆರುನೂರ ಹನ್ನೊಂದು ಗಂಟಿಗೂ ಚಿಮುಕಿಸಿದಿರಿ, ಒಂದನ್ನೂ ಬಿಡಲಿಲ್ಲ.

ಬಿಡಿಸಲು ನಾವು ಮಾಡದ್ದಿಲ್ಲ. ಪದರಗಳ ನಡುವೆ ಕುದುರೆಯ ಕೂದಲು ಎಳೆದೆವು, ತೆಳುವಾದ ಚೂರಿ ತೂರಿಸಿದೆವು. ಯಾರೋ ನೀರಿನಲ್ಲಿ ನೆನೆಹಾಕಿರಿ ಎಂದರು. ನಮ್ಮ ನೀರು ಕೊಡದಲ್ಲಿಟ್ಟರೂ ಬೆಚ್ಚಗೇ ಇರುತ್ತದೆ. ಹಾಕಿ ಸ್ವಲ್ಪ ಹೊತ್ತಿಗೆ ಬಣ್ಣದ ಪದರವೇ ಹಾಲಿನ ಕೆನೆಯಂತೆ ಎದ್ದು ಬಂದು, ಬೆರಳು ತಾಗಿಸಿದರೆ ಹರಿದು ಕರಗಿತು. ತಣ್ಣನೆಯ ನೀರಾದರೆ ಬಿಟ್ಟುಕೊಳ್ಳುತ್ತಿತ್ತೋ ಏನೋ. ನಮ್ಮ ಪಾಲಿನ ಚಳಿಯೇ ಇಪ್ಪತ್ತೊಂದಕ್ಕೆ ನಿಂತುಹೋಗಿದೆಯಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ದಿನ ಊರಿನಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಮಾಡಿದ ಹೋಳಿಗೆಯನ್ನು ಮಕ್ಕಳಿಗೆ ಕೊಟ್ಟು ಬಾಗಿಲು ಹಾಕಿಕೊಂಡರು.

ನಮ್ಮ ಗಂಟನ್ನು ಕೊನೆಗೆ ಬಿಚ್ಚಿದೆ. ಬಡಿಸುವವರು ಕೊನೆಗೆ ಉಣ್ಣಬೇಕು, ಅದು ಚಳಿಗಾವಲಿನ ನೇಮ. ಅವ್ವ ಮಗ್ಗದ ಪಕ್ಕ ಕೂತು ಕಾಯುತ್ತಿದ್ದಳು. ಪಟ್ಟಿ ಹಿಡಿದು ಅಂಚಿನಿಂದ ಎಣಿಸುತ್ತ ಹೋಗಿ, ನಲವತ್ತೊಂದರ ಮತ್ತು ನಲವತ್ತೆರಡರ ನಡುವೆ ಎಂದು ತೋರಿದ ಕಡೆ ಚೂರಿ ಇಟ್ಟೆ. ಗಟ್ಟಿ ಎರಡು ಹೋಳಾಯಿತು. ಒಂದು ಹೋಳಿನಲ್ಲಿ ಬರೀ ಬಿಳಿ ಕಾಗದ ಕಿತ್ತುಬಂದಿತ್ತು. ಇನ್ನೊಂದರ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಬಣ್ಣ ಉಳಿದಿತ್ತು. ಹಸಿರು. ಅಂಥ ಹಸಿರನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ನಿಮ್ಮ ಚಳಿ ಸುಳ್ಳಾಗಿರಲಿಲ್ಲ ಅಜ್ಜಾ, ಬಣ್ಣ ನಿನ್ನೆಯದರಂತೆ ಇತ್ತು.

ಅವ್ವ ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

“ಗದಿಗೀ, ಇದು ಸೀರೀದ ಹೌದಿಲ್ಲ?”

ಪಟ್ಟಿ ನನ್ನ ಮಡಿಲಲ್ಲೇ ಇತ್ತು. ನಲವತ್ತೊಂದನೆಯ ಸಾಲಿನಲ್ಲಿ ನೀವು ಬರೆದದ್ದು “ಊಟದ ಪಂಕ್ತಿ, ಬಾಳೆ ಎಲೆ.” ಕೂಡಿಹೋದ ಅಂಚಿನಲ್ಲಿ ನನ್ನ ಎಣಿಕೆ ಒಂದು ಹೆಚ್ಚುಕಡಿಮೆ ಆಗಿರಬಹುದು, ಹಾಗಾಗಿ ಆ ಉಗುರಿನಷ್ಟು ಹಸಿರು ನಲವತ್ತೊಂದರದ್ದೋ ನಲವತ್ತೆರಡರದ್ದೋ, ಎಲೆಯದ್ದೋ ಸೀರೆಯದ್ದೋ, ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಇಲ್ಲ.

“ಹೌದವ್ವಾ, ಸೀರೀನ” ಎಂದೆ.

ಅವ್ವ ಅತ್ತಳು, ಆಮೇಲೆ ಸತ್ತ ದೊಡ್ಡವ್ವನಿಗೆ ಒಂದಿಷ್ಟು ಬೈದಳು, ಆಮೇಲೆ ಎದ್ದು ಹಂಡೆಗೆ ನೀರು ಹಾಕಿದಳು. ನಾಲ್ಕು ದಿನದಿಂದ ನೂಲಿನ ಲಡಿಗಳನ್ನು ಅದ್ದಿ ತೆಗೆದು, ಆ ತುಣುಕಿನ ಪಕ್ಕ ಹಿಡಿದು ಹಿಡಿದು ನೋಡುತ್ತಿದ್ದಾಳೆ. ಇವತ್ತು ಹತ್ತಿರ ಬಂದಿದೆ ಎಂದಳು. ಹನ್ನೆರಡು ದಿನದಲ್ಲಿ ಮಗ್ಗಕ್ಕೆ ಏರಿಸುತ್ತಾಳೆ. ನನ್ನ ಮಗಳು ಹಾಲವ್ವನ ಸೀರೆ ಉಟ್ಟು ಹಸೆಗೆ ಏರುತ್ತಾಳೋ, ಬಾಳೆ ಎಲೆಯನ್ನು ಉಟ್ಟು ಏರುತ್ತಾಳೋ ನನಗೆ ತಿಳಿಯದು. ಅವ್ವನಿಗೆ ನಾನು ಎಂದೂ ಸುಳ್ಳು ಹೇಳಿದವಳಲ್ಲ.

ಅದಕ್ಕೇ ಈ ಪತ್ರ. ಇದು ನಿಮಗೆ ಹೇಗೆ ಮುಟ್ಟುತ್ತದೆಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಕೋಣೆಯ ಬಾಗಿಲ ಬಲಗಡೆ ನೀವು ಪಟ್ಟಿ ತೂಗಹಾಕಲು ಹೊಡೆದ ಮೊಳೆ ಇನ್ನೂ ಅಲ್ಲೇ ಇದೆ. ನಿಮ್ಮ ಕಾಲದಲ್ಲೂ ಅದೇ ಮೊಳೆ, ನಮ್ಮ ಕಾಲದಲ್ಲೂ ಅದೇ. ಅದಕ್ಕೇ ಸಿಕ್ಕಿಸುತ್ತೇನೆ. ಬೇರೆ ದಾರಿ ನನಗೆ ತೋಚಲಿಲ್ಲ.

ಗಂಟು ಕಟ್ಟುವ ಮೊದಲೇ ಸಿಕ್ಕಿದರೆ, ಆ ಏಪ್ರಿಲ್ ಸೋಮವಾರ ನೀರು ಚಿಮುಕಿಸಬೇಡಿ. ಫೋಟೋಗಳು ಚಟಚಟ ಎನ್ನಲಿ, ಅಂಚು ಮುರಿದರೆ ಮುರಿಯಲಿ, ಒಣಗಿದ ಹಾಗೇ ಕಟ್ಟಿರಿ. ಆದರೆ ನಿಮ್ಮ ಕೈಯ ರೂಢಿ ನನಗೆ ಗೊತ್ತು. ಇಪ್ಪತ್ತೇಳು ವರ್ಷ ಅರ್ಥ ತಿಳಿಯದೆ ಅದನ್ನೇ ಮಾಡಿದವಳು ನಾನು. ಓದಿ ಹೂಂ ಎಂದು, ಹೊತ್ತಿಗೆ ಸರಿಯಾಗಿ ಬಕೆಟ್ಟಿಗೆ ಕೈ ಹಾಕಿದರೂ ಹಾಕಿದಿರೇ. ಹಾಗಾದರೆ ಅದಕ್ಕಿಂತ ಸಣ್ಣ ಕೆಲಸ ಒಂದಿದೆ, ಅದನ್ನಾದರೂ ಮಾಡಿರಿ. ಹಾಲವ್ವ ಎಂಬ ಹೆಣ್ಣುಮಗಳು ಅರವತ್ತನಾಲ್ಕು ಫೋಟೋ ತರುತ್ತಾಳೆ. ಸರದಿಯಲ್ಲಿ ಜನ ಬಹಳ ಇರುತ್ತಾರೆ, ನಿಮಗೆ ಬೆನ್ನು ನೋಯುತ್ತಿರುತ್ತದೆ. ಆದರೂ ನಲವತ್ತೆರಡನೆಯದನ್ನು ಒಂದು ಗಳಿಗೆ ಬೆಳಕಿಗೆ ಹಿಡಿಯಿರಿ. “ಧಾರೆ” ಎಂದು ಬರೆದ ಮೇಲೆ ಪೆನ್ನು ಎತ್ತಬೇಡಿ. ಸೀರೆಯ ಬಣ್ಣ ಬರೆಯಿರಿ. ಹಳದಿಯಾದರೆ ಹಳದಿ ಎಂದೇ ಬರೆಯಿರಿ, ಅವ್ವನಿಗೆ ನಾನು ಹೇಳಿಕೊಳ್ಳುತ್ತೇನೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಎರಡು ದಿನ ಇತ್ತು, ಈಗ ಇಲ್ಲ. ಪಟ್ಟಿಯನ್ನು ಹಿತ್ತಾಳೆ ಡಬ್ಬಿಯಲ್ಲಿ ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದೇನೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ, ಅವ್ವ ಹಂಡೆಗೆ ಉರಿ ಹಾಕುವ ಮೊದಲು, ಅದನ್ನು ತೆಗೆದು ನಲವತ್ತೆರಡನೇ ಸಾಲು ನೋಡುತ್ತೇನೆ. “ಧಾರೆ” ಎಂದಿದೆ. ಇವತ್ತು ಬೆಳಿಗ್ಗೆಯೂ ಅದರ ಮುಂದೆ ಖಾಲಿ ಇತ್ತು.